ಫೆಬ್ರವರಿ 11ರ ರಸೀದಿ: ಚೀನಾದಲ್ಲಿ ಇಂಗ್ಲಿಷ್ ಕಲಿಸುವ ಟೀಚರ್ ಮತ್ತು ಒಂದು ಚಳಿಗಾಲದ ರಜೆ

ಚೀನಾದಲ್ಲಿ ಇಂಗ್ಲಿಷ್ ಕಲಿಸುವವರನ್ನು ಕಂಡರೆ ನಮ್ಮವರು ಮೊದಲು ಸಂಬಳ ಕೇಳುತ್ತಾರೆ, ಆಮೇಲೆ ರಜೆ ಕೇಳುತ್ತಾರೆ. ರಜೆ ಜಾಸ್ತಿ ಇದೆ, ಅದು ನಿಜ. ಚಳಿಗಾಲದಲ್ಲಿ ಮೂರು ನಾಲ್ಕು ವಾರ, ಬೇಸಿಗೆಯಲ್ಲಿ ಎರಡು ತಿಂಗಳ ಹತ್ತಿರ, ನಡುನಡುವೆ ಹಬ್ಬಗಳು. ಆದರೆ ಆ ರಜೆಗೆ ಸಂಬಳ ಬರುತ್ತದಾ ಎಂಬುದು ಬೇರೆ ಪ್ರಶ್ನೆ. ರಜೆಯ ದಿನ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿ ಇರುತ್ತದಾ ಎಂಬುದು ಇನ್ನೂ ಬೇರೆ ಪ್ರಶ್ನೆ. ಈ ಮೂರೂ ಒಂದೇ ಸಲ ಎದುರಾದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಆಗ ಷೆನ್‌ಜೆನ್‌ನಲ್ಲಿ ಕೆಲಸದಲ್ಲಿದ್ದೆ. ಟೀಚರ್ ನನಗೆ ಪರಿಚಯದವರು. ಕಾಂಟ್ರಾಕ್ಟ್, ಅರ್ಜಿ, ರಸೀದಿ ಎಲ್ಲವನ್ನೂ ನನಗೆ ತೋರಿಸಿ, ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು, ಊರು, ಶಾಲೆಯ ಗುರುತು ಬಿಟ್ಟಿದ್ದೇನೆ.

ಹಿನ್ನೆಲೆ

ಟೀಚರ್ ಮೈಸೂರಿನವರು. ಓದಲು ಕೆನಡಾಕ್ಕೆ ಹೋಗಿ, ಅಲ್ಲೇ ಡಿಗ್ರಿ ಮುಗಿಸಿದರು. ಹೊಸದಾಗಿ ವಲಸೆ ಬಂದವರಿಗೆ ಕೆಲವು ವರ್ಷ ಇಂಗ್ಲಿಷ್ ಕಲಿಸಿದರು. ಅಲ್ಲಿನ ಪೌರತ್ವವೂ ಸಿಕ್ಕಿತು. ಅಪ್ಪ, ಅಮ್ಮ, ತಮ್ಮ ಮೈಸೂರಿನಲ್ಲೇ ಇದ್ದರು. ಚೀನಾಕ್ಕೆ ಹೋಗಲು ಅವರಿಗಿದ್ದ ಒಂದು ದೊಡ್ಡ ಕಾರಣವೇ ರಜೆ. ಕೆನಡಾದಿಂದ ಮೈಸೂರಿಗೆ ಬರುವುದು ದೂರ ಮತ್ತು ದುಬಾರಿ. ಚೀನಾದಿಂದ ವರ್ಷಕ್ಕೆ ಎರಡು ಸಲ ಬರಬಹುದು ಎಂದು ಲೆಕ್ಕ ಹಾಕಿದ್ದರು.

ಕೆನಡಾ ಪಾಸ್‌ಪೋರ್ಟ್ ಎಂಬುದು ಈ ಪ್ರಕರಣದಲ್ಲಿ ಸಣ್ಣ ವಿಷಯ ಅಲ್ಲ. 2017ರ ಏಪ್ರಿಲ್‌ನಿಂದ ಚೀನಾ ಇಡೀ ದೇಶಕ್ಕೆ ಒಂದೇ ವರ್ಕ್ ಪರ್ಮಿಟ್ ವ್ಯವಸ್ಥೆ ತಂದಿತು. ಭಾಷೆ ಕಲಿಸುವ ವಿದೇಶಿಯರು ಆ ಭಾಷೆಯನ್ನೇ ತಾಯ್ನುಡಿಯಾಗಿ ಆಡುವ ದೇಶದವರಾಗಿರಬೇಕು, ಡಿಗ್ರಿ ಇರಬೇಕು, ಸಾಮಾನ್ಯವಾಗಿ ಎರಡು ವರ್ಷದ ಅನುಭವ ಇರಬೇಕು. ಇಂಗ್ಲಿಷಿನ ಮಟ್ಟಿಗೆ ಕಚೇರಿಗಳು ಒಪ್ಪುವುದು ಹೆಚ್ಚಾಗಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟ್. ಭಾರತದ ಪಾಸ್‌ಪೋರ್ಟ್ ಇರುವವರಿಗೆ, ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ, ಈ ದಾರಿ ಬಹುಮಟ್ಟಿಗೆ ಮುಚ್ಚಿದೆ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಸ್ಟೂಡೆಂಟ್ ವೀಸಾದಲ್ಲೋ ಬಿಸಿನೆಸ್ ವೀಸಾದಲ್ಲೋ ಕರೆಸಿಕೊಂಡು ಪಾಠ ಮಾಡಿಸುವ ಏಜೆಂಟರು ಇದ್ದರು. ಅದು ಕಾನೂನುಬಾಹಿರ. 2013ರಲ್ಲಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ಕಾನೂನಿನ ಪ್ರಕಾರ ಅದಕ್ಕೆ 5,000ದಿಂದ 20,000 ಯುವಾನ್ ದಂಡ. ಗಂಭೀರ ಅನಿಸಿದರೆ 5ರಿಂದ 15 ದಿನ ಬಂಧನ. ಆಮೇಲೆ ದೇಶದಿಂದ ಹೊರಗೆ ಕಳಿಸುವುದೂ ಉಂಟು. ಏಜೆಂಟ್ ಆಗ ಫೋನ್ ಎತ್ತುವುದಿಲ್ಲ.

ಕಾಗದ ಸರಿಯಿದ್ದರೂ ಟೀಚರಿಗೆ ಕೆಲಸ ಸುಲಭವಾಗಿ ಸಿಗಲಿಲ್ಲ. ಅರ್ಜಿಯ ಜೊತೆ ಫೋಟೋ ಕೇಳುತ್ತಿದ್ದರು. ಫೋಟೋ ಕಳಿಸಿದ ಮೇಲೆ ಕೆಲವು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆ ಪೋಷಕರಿಗೆ ಬಿಳಿಯ ಟೀಚರ್ ಬೇಕು ಎಂದು ನೇರವಾಗಿಯೇ ಬರೆದರು. ಇದು ಅನ್ಯಾಯ. ನಮ್ಮ ಬಣ್ಣದವರು ಅಲ್ಲಿಗೆ ಹೋಗುವ ಮುಂಚೆ ಇದನ್ನು ತಿಳಿದಿರಬೇಕು. ಕೊನೆಗೆ ಹುನಾನ್ ಪ್ರಾಂತ್ಯದ ಒಂದು ಮಧ್ಯಮ ಗಾತ್ರದ ಊರಿನ ಸರ್ಕಾರಿ ಹೈಸ್ಕೂಲು ವಿಡಿಯೋದಲ್ಲಿ ಅವರ ಪಾಠ ನೋಡಿ ಕೆಲಸ ಕೊಟ್ಟಿತು. 2018ರ ಫೆಬ್ರವರಿ ಕೊನೆಯಲ್ಲಿ ಅವರು ಅಲ್ಲಿಗೆ ಹೋದರು. ಕಾಂಟ್ರಾಕ್ಟ್ ಒಂದು ವರ್ಷದ್ದು. ವರ್ಕ್ ಪರ್ಮಿಟ್ ಮತ್ತು ವಾಸದ ಪರ್ಮಿಟ್ ಎರಡೂ 2019ರ ಫೆಬ್ರವರಿ 28ರವರೆಗೆ. ಈ ತಾರೀಕೇ ಮುಂದೆ ಎಲ್ಲಕ್ಕೂ ಮೂಲವಾಯಿತು.

ಅಲ್ಲಿನ ಬದುಕು

ಒಂದು ಕ್ಲಾಸಿನಲ್ಲಿ ಐವತ್ತಕ್ಕಿಂತ ಜಾಸ್ತಿ ಮಕ್ಕಳು. ಒಂದೊಂದು ಸೆಕ್ಷನ್‌ಗೆ ವಾರಕ್ಕೆ ಒಂದೇ ಪೀರಿಯಡ್, 40 ನಿಮಿಷ. ಮಾತಾಡುವ ಇಂಗ್ಲಿಷ್ ಕಲಿಸುವುದು ಅವರ ಕೆಲಸ. ಆದರೆ ಮಕ್ಕಳ ಕಣ್ಣೆಲ್ಲ ಜೂನ್ 7 ಮತ್ತು 8ರ ಗಾವ್‌ಕಾವ್, ಅಂದರೆ ಕಾಲೇಜು ಪ್ರವೇಶ ಪರೀಕ್ಷೆಯ ಮೇಲೆ. ಪರೀಕ್ಷೆ ಹತ್ತಿರ ಬಂದಂತೆ ಮೊದಲು ರದ್ದಾಗುವುದು ವಿದೇಶಿ ಟೀಚರ ಪೀರಿಯಡ್. ಹಿಂದಿನ ದಿನ ಸಂಜೆ ವೀಚಾಟ್ ಎಂಬ ಮೆಸೇಜ್ ಆ್ಯಪ್‌ನಲ್ಲಿ ಒಂದು ಸಾಲು ಬರುತ್ತಿತ್ತು, ನಾಳೆ ನಿಮಗೆ ಕ್ಲಾಸ್ ಇಲ್ಲ ಎಂದು. ಹೀಗೆ ಇದ್ದಕ್ಕಿದ್ದಂತೆ ಸಿಗುವ ರಜೆಯನ್ನು ಎಣಿಸಿದರೆ ವರ್ಷಕ್ಕೆ ಬಹಳ ದಿನ ಆಗುತ್ತದೆ. ಆದರೆ ಅದರಲ್ಲಿ ಒಂದು ದಿನವನ್ನೂ ಮೊದಲೇ ಯೋಜಿಸಲು ಆಗುವುದಿಲ್ಲ.

ಮನೆ ಶಾಲೆಯ ಆವರಣದಲ್ಲೇ, ಬಾಡಿಗೆ ಇಲ್ಲ. ಚಳಿಗೆ ಮಾತ್ರ ಟೀಚರ್ ಸಿದ್ಧರಿರಲಿಲ್ಲ. ಚೀನಾದಲ್ಲಿ ಸರ್ಕಾರಿ ಹೀಟಿಂಗ್ ವ್ಯವಸ್ಥೆ ಇರುವುದು ಛಿನ್‌ಲಿಂಗ್ ಬೆಟ್ಟ ಮತ್ತು ಹುವಾಯ್ ನದಿಯ ಗೆರೆಯಿಂದ ಉತ್ತರಕ್ಕೆ. ಹುನಾನ್ ಅದರ ದಕ್ಷಿಣಕ್ಕಿದೆ. ಕೆನಡಾದ ಚಳಿಯಲ್ಲಿ ವರ್ಷಗಟ್ಟಲೆ ಇದ್ದವರು ಇಲ್ಲಿ ಕೋಟು ಹಾಕಿಕೊಂಡೇ ಪಾಠ ಮಾಡಿದರು. ಮಕ್ಕಳೂ ಕೋಟಿನಲ್ಲೇ ಕೂತಿರುತ್ತಿದ್ದರು. ಊಟ ಇನ್ನೊಂದು ಸಮಸ್ಯೆ. ಹುನಾನ್ ಅಡುಗೆಯ ಖಾರ ಮೈಸೂರಿನವರಿಗೆ ಒಗ್ಗುತ್ತದೆ, ಆದರೆ ಇವರು ಸಸ್ಯಾಹಾರಿ, ಮೊಟ್ಟೆ ಮಾತ್ರ ತಿನ್ನುತ್ತಾರೆ. ಬೀನ್ಸ್ ಪಲ್ಯದಲ್ಲೂ ತೋಫುವಿನಲ್ಲೂ ಹಂದಿಮಾಂಸದ ಚೂರು ಇರುತ್ತಿತ್ತು. ಶಾಲೆಯ ಕ್ಯಾಂಟೀನಿನ ಅಡುಗೆಯ ಹೆಂಗಸೊಬ್ಬರು ಇವರಿಗಾಗಿ ದಿನಾ ಬೇರೆ ಬಾಣಲೆಯಲ್ಲಿ ಬದನೆಕಾಯಿ, ಮೊಟ್ಟೆ-ಟೊಮೆಟೊ ಮಾಡಿಡಲು ಶುರು ಮಾಡಿದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಆ ಊರಿನ ಬಗ್ಗೆ ಟೀಚರಿಗೆ ಇಂದಿಗೂ ಇರುವ ಪ್ರೀತಿಗೆ ಇಂಥ ಜನರೇ ಕಾರಣ.

ಇನ್ನು ಹಬ್ಬದ ರಜೆ. ಚೀನಾದಲ್ಲಿ ಉದ್ದ ರಜೆ ಕೊಡಲು ಮುಂದಿನ ಅಥವಾ ಹಿಂದಿನ ವಾರದ ಶನಿವಾರ-ಭಾನುವಾರ ಕೆಲಸ ಮಾಡಿಸುತ್ತಾರೆ. ಟೀಚರಿಗೆ ಇದು ಗೊತ್ತಾದದ್ದು ಛಿಂಗ್‌ಮಿಂಗ್ ಹಬ್ಬಕ್ಕೆ, ಅಂದರೆ ಹಿರಿಯರ ಸಮಾಧಿ ಗುಡಿಸಿ ಪೂಜೆ ಮಾಡುವ ದಿನಕ್ಕೆ. 2018ರ ಏಪ್ರಿಲ್ 5ರಿಂದ 7 ರಜೆ. 8ನೇ ತಾರೀಕು ಭಾನುವಾರ ಬೆಳಿಗ್ಗೆ ಶಾಲೆ! ಅಕ್ಟೋಬರ್‌ನ ರಾಷ್ಟ್ರೀಯ ದಿನಕ್ಕೆ ಏಳು ದಿನ ಸಿಕ್ಕಿತು. ಅದಕ್ಕಾಗಿ ಸೆಪ್ಟೆಂಬರ್ 29ರ ಶನಿವಾರ, 30ರ ಭಾನುವಾರ ಪಾಠ ನಡೆಯಿತು. ಆ ಏಳು ದಿನದಲ್ಲಿ ಅದೇ ಪ್ರಾಂತ್ಯದ ಜಾಂಗ್‌ಜಿಯಾಜಿಯೆ ಬೆಟ್ಟ ನೋಡಲು ಹೋದರು. ಹೆಚ್ಚಿನ ಹೊತ್ತು ಕಳೆದದ್ದು ಸಾಲಿನಲ್ಲಿ ನಿಂತು. ದೇಶಕ್ಕೆ ದೇಶವೇ ಒಂದೇ ವಾರ ಊರು ಸುತ್ತಲು ಹೊರಟರೆ ಹೀಗೇ ಆಗುವುದು. ಅದಕ್ಕೆ ಹೋಲಿಸಿದರೆ, ಅದಕ್ಕೂ ಮುಂಚೆ ಜೂನ್‌ನಲ್ಲಿ ಡ್ರ್ಯಾಗನ್ ದೋಣಿ ಹಬ್ಬಕ್ಕೆ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದ ಒಂದು ದಿನದ ಪ್ರವಾಸ ಎಷ್ಟೋ ಚೆನ್ನಾಗಿತ್ತು. ಆ ಹಬ್ಬ ಯಾರ ನೆನಪಿಗೋ ಆ ಪ್ರಾಚೀನ ಕವಿ ಛ್ಯು ಯುವಾನ್ ಮುಳುಗಿದ ಎನ್ನುವ ಮಿಲುವೋ ನದಿ ಹುನಾನ್‌ನಲ್ಲೇ ಇದೆ. ಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿಯ ಕಡುಬು ತಿಂದು ಸಂಜೆ ವಾಪಸ್. ಸಣ್ಣ ರಜೆಗೆ ಹತ್ತಿರದ ಜಾಗ, ಊರಿನವರ ಜೊತೆ. ನನಗೆ ಕೇಳಿದರೆ ಇದೇ ಸರಿ.

ಸಮಸ್ಯೆ ಶುರುವಾದದ್ದು

ಮೊದಲ ಸುಳಿವು 2018ರ ಬೇಸಿಗೆಯಲ್ಲೇ ಸಿಕ್ಕಿತ್ತು. ಜುಲೈ ಸಂಬಳ ಅರ್ಧ ಬಂತು. ಆಗಸ್ಟ್‌ನದ್ದು ಬರಲೇ ಇಲ್ಲ. ಕಾಂಟ್ರಾಕ್ಟ್ ತೆಗೆದು ನೋಡಿದರೆ ಅದರಲ್ಲಿ ಬರೆದಿದ್ದು ಇಷ್ಟೇ: ಸರ್ಕಾರ ಘೋಷಿಸಿದ ರಜೆಗಳಿಗೆ ಸಂಬಳ ಉಂಟು. ಆಗ ಇಡೀ ವರ್ಷಕ್ಕೆ ಅಂಥ ರಜೆ 11 ದಿನ ಮಾತ್ರ. ಶಾಲೆಯ ಬೇಸಿಗೆ ರಜೆ, ಚಳಿಗಾಲದ ರಜೆ ಅದರಲ್ಲಿ ಬರುವುದಿಲ್ಲ. ಕಾಯಂ ಟೀಚರುಗಳಿಗೆ ವರ್ಷವಿಡೀ ಸಂಬಳ ಬರುತ್ತದೆ. ಕಾಂಟ್ರಾಕ್ಟ್ ಮೇಲೆ ಬಂದ ವಿದೇಶಿ ಟೀಚರಿಗೆ ಕಾಗದದಲ್ಲಿ ಬರೆದಿದ್ದು ಮಾತ್ರ. ಶಾಲೆ ಮೋಸ ಮಾಡಿತು ಎಂದು ನಾನು ಹೇಳುವುದಿಲ್ಲ. ಆದರೆ ವಿಡಿಯೋ ಸಂದರ್ಶನದಲ್ಲಿ ಉದ್ದ ರಜೆಗಳ ಬಗ್ಗೆ ಹೆಮ್ಮೆಯಿಂದ ಹೇಳಿದವರು ಇದನ್ನೂ ಹೇಳಬೇಕಿತ್ತು.

ನವೆಂಬರ್‌ನಲ್ಲಿ ತಮ್ಮನ ಮದುವೆ ನಿಶ್ಚಯವಾಯಿತು. ಮುಹೂರ್ತ 2019ರ ಫೆಬ್ರವರಿ 10, ಭಾನುವಾರ, ಮೈಸೂರಿನಲ್ಲಿ. ಚೀನೀ ಹೊಸ ವರ್ಷ ಫೆಬ್ರವರಿ 5ಕ್ಕೆ. ಇದೇನೂ ಆಶ್ಚರ್ಯ ಅಲ್ಲ. ಅವರ ಹೊಸ ವರ್ಷ ಅಮಾವಾಸ್ಯೆಯ ಲೆಕ್ಕದಲ್ಲಿ ಬರುತ್ತದೆ. ಆ ವರ್ಷ ನಮ್ಮ ಮಾಘ ಮಾಸವೂ ಅವರ ಮೊದಲ ತಿಂಗಳೂ ಒಟ್ಟೊಟ್ಟಿಗೇ ಶುರುವಾದವು. ಹಾಗಾಗಿ ನಮ್ಮಲ್ಲಿ ಮದುವೆಯ ಮುಹೂರ್ತಗಳು ಸಿಗುವ ಹೊತ್ತಿಗೇ ಅಲ್ಲಿ ಇಡೀ ದೇಶಕ್ಕೆ ರಜೆ. ಟೀಚರಿಗೆ ಇದು ಅದೃಷ್ಟ ಅನಿಸಿತು. ಶಾಲೆಗೆ ರಜೆ ಇರುತ್ತದೆ, ಹೋಗಿ ಬಂದರಾಯಿತು.

ಆದರೆ ಫೆಬ್ರವರಿ 28 ಅಲ್ಲೇ ಕೂತಿತ್ತು. ವರ್ಕ್ ಪರ್ಮಿಟ್ ಮುಂದುವರಿಸಬೇಕಾದರೆ ಅವಧಿ ಮುಗಿಯುವುದಕ್ಕೆ ಕನಿಷ್ಠ 30 ದಿನ ಮುಂಚೆ ಶಾಲೆ ಅರ್ಜಿ ಹಾಕಬೇಕು. ವಾಸದ ಪರ್ಮಿಟ್‌ಗೂ 30 ದಿನದ ನಿಯಮ ಇದೆ. ಅಂದರೆ ಎರಡೂ ಅರ್ಜಿ ಜನವರಿ ಮುಗಿಯುವ ಮುಂಚೆ ಹೋಗಬೇಕು. ವರ್ಕ್ ಪರ್ಮಿಟ್ ಅರ್ಜಿ ಆನ್‌ಲೈನ್‌ನಲ್ಲಿ ಸಾಗುತ್ತದೆ. ವಾಸದ ಪರ್ಮಿಟ್‌ಗೆ ಪಾಸ್‌ಪೋರ್ಟನ್ನೇ ಪೊಲೀಸ್ ಇಲಾಖೆಯ ಪ್ರವೇಶ-ನಿರ್ಗಮನ ಕಚೇರಿಗೆ ಕೊಡಬೇಕು. ಕಾನೂನಿನಲ್ಲಿ ಅವರಿಗೆ 15 ದಿನದ ಸಮಯ ಇದೆ. ಅಷ್ಟರವರೆಗೆ ಕೈಯಲ್ಲಿ ಒಂದು ರಸೀದಿ. ಆ ರಸೀದಿ ಇಟ್ಟುಕೊಂಡು ದೇಶದೊಳಗೆ ಇರಬಹುದು. ಗಡಿ ದಾಟಲು ಆಗುವುದಿಲ್ಲ.

ಏನೇನು ಪ್ರಯತ್ನ ಮಾಡಿದರು

ನವೆಂಬರ್‌ನಲ್ಲೇ ಟೀಚರ್ ಶಾಲೆಯಲ್ಲಿ ವಿದೇಶಿಯರ ಕಾಗದಪತ್ರ ನೋಡಿಕೊಳ್ಳುವ ಮೇಡಂಗೆ ಹೇಳಿದರು. ಏನೂ ತೊಂದರೆ ಇಲ್ಲ ಎಂಬ ಉತ್ತರ ಬಂತು. ಡಿಸೆಂಬರ್ ಮಧ್ಯದವರೆಗೆ ಏನೂ ನಡೆಯಲಿಲ್ಲ. ಆ ಮೇಡಂಗೆ ಕೆಟ್ಟ ಉದ್ದೇಶ ಇರಲಿಲ್ಲ. ಅವರೂ ಕ್ಲಾಸ್ ತೆಗೆದುಕೊಳ್ಳುವ ಟೀಚರೇ, ಇದು ಅವರ ತಲೆಗೆ ಕಟ್ಟಿದ ಹೆಚ್ಚುವರಿ ಕೆಲಸ. ಹೊಸ ಕಾಂಟ್ರಾಕ್ಟ್ ಸಹಿ ಆಗದೆ ಅರ್ಜಿ ಹಾಕಲು ಬರುವುದಿಲ್ಲ. ಕಾಂಟ್ರಾಕ್ಟ್ ನಿರ್ಧಾರ ಪ್ರಿನ್ಸಿಪಾಲರದ್ದು. ಪ್ರಿನ್ಸಿಪಾಲರು ಸೆಮಿಸ್ಟರ್ ಪರೀಕ್ಷೆ ಮುಗಿಯಲಿ ಎಂದು ಕೂತಿದ್ದರು.

ಇದರ ನಡುವೆ ಟೀಚರ್ ಸಂಬಳದ ವಿಷಯ ಎತ್ತಿದರು. ಚಳಿಗಾಲದ ಮತ್ತು ಬೇಸಿಗೆಯ ರಜೆಗೆ ಪೂರ್ತಿ ಸಂಬಳ ಎಂದು ಬರೆದರೆ ಮಾತ್ರ ಹೊಸ ಕಾಂಟ್ರಾಕ್ಟಿಗೆ ಸಹಿ ಎಂದರು. ಕೇಳಿದ್ದು ನ್ಯಾಯವೇ. ಆದರೆ ಎರಡು ವಿಷಯ ಒಂದಕ್ಕೊಂದು ಸಿಕ್ಕಿಹಾಕಿಕೊಂಡವು. ಸಂಬಳದ ಚರ್ಚೆ ನಿಂತಲ್ಲೇ ನಿಂತಿತು, ಅದರ ಜೊತೆ ಪರ್ಮಿಟ್ ಕೂಡ ನಿಂತಿತು.

ಅದೇ ಹೊತ್ತಿಗೆ ಊರಿನ ಒಂದು ಖಾಸಗಿ ಟ್ಯೂಷನ್ ಸೆಂಟರ್‌ನಿಂದ ಕರೆ ಬಂತು. ಜನವರಿ ಕೊನೆಯಲ್ಲಿ ಮಕ್ಕಳಿಗೆ ಚಳಿಗಾಲದ ಶಿಬಿರ ಇದೆ, ಎರಡು ವಾರ ಬನ್ನಿ, ಕೈಗೆ ನಗದು ಕೊಡುತ್ತೇವೆ ಎಂದರು. ಆ ಹಣ ರಜೆಯ ಸಂಬಳದಷ್ಟೇ ಆಗುತ್ತಿತ್ತು. ಮುಂದೆ ಪೂರ್ತಿ ಕೆಲಸಕ್ಕೂ ಬರಬಹುದು, ಸಂಬಳ ದುಪ್ಪಟ್ಟು ಎಂದೂ ಹೇಳಿದರು. ಅಂಥ ಸೆಂಟರ್‌ಗಳ ಕ್ಯಾಲೆಂಡರ್ ಶಾಲೆಯದಕ್ಕೆ ಪೂರ್ತಿ ಉಲ್ಟಾ. ಮಕ್ಕಳಿಗೆ ರಜೆ ಇದ್ದಾಗ ಅಲ್ಲಿನ ಟೀಚರಿಗೆ ಜಾಸ್ತಿ ಕೆಲಸ. ಶನಿವಾರ-ಭಾನುವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಪಾಠ, ಸೋಮವಾರ-ಮಂಗಳವಾರ ರಜೆ. ರಜೆಗಾಗಿಯೇ ಚೀನಾಕ್ಕೆ ಬಂದವರಿಗೆ ಅದು ಒಗ್ಗುವ ಕೆಲಸ ಅಲ್ಲ.

ಆದರೂ ಎರಡು ವಾರದ ಶಿಬಿರದ ಹಣ ಅವರನ್ನು ಸೆಳೆಯಿತು. ನಾನು ಬೇಡವೇ ಬೇಡ ಎಂದೆ. ವರ್ಕ್ ಪರ್ಮಿಟ್ ಒಂದು ಶಾಲೆಯ ಹೆಸರಿಗೆ ಇರುತ್ತದೆ. ಬೇರೆ ಕಡೆ ದುಡಿದರೆ ಅದೂ ಅಕ್ರಮ ಕೆಲಸವೇ. ಮೇಲಾಗಿ ಅದು 2018ರ ಡಿಸೆಂಬರ್. ಹುವಾವೇ ಕಂಪನಿಯ ಹಿರಿಯ ಅಧಿಕಾರಿಯೊಬ್ಬರನ್ನು ಕೆನಡಾದ ವ್ಯಾಂಕೂವರ್‌ನಲ್ಲಿ ಡಿಸೆಂಬರ್ 1ರಂದು ಬಂಧಿಸಿದ್ದರು. ಹತ್ತು ದಿನ ಕಳೆಯುವಷ್ಟರಲ್ಲಿ ಚೀನಾದಲ್ಲಿ ಇಬ್ಬರು ಕೆನಡಾದವರ ಬಂಧನ ಆಯಿತು. ಆ ತಿಂಗಳೇ ಕೆನಡಾದ ಒಬ್ಬ ಟೀಚರನ್ನು ಅಕ್ರಮ ಕೆಲಸದ ಆರೋಪದ ಮೇಲೆ ಹಿಡಿದಿದ್ದೂ ಸುದ್ದಿಯಾಯಿತು. ಕೆನಡಾ ಪಾಸ್‌ಪೋರ್ಟ್ ಇಟ್ಟುಕೊಂಡು ಸಣ್ಣ ತಪ್ಪು ಮಾಡಲೂ ಅದು ಕಾಲ ಆಗಿರಲಿಲ್ಲ. ಟೀಚರ್ ಶಿಬಿರಕ್ಕೆ ಆಗುವುದಿಲ್ಲ ಎಂದು ಹೇಳಿಬಿಟ್ಟರು. ಈ ಇಡೀ ಪ್ರಕರಣದ ಅತಿ ಒಳ್ಳೆಯ ನಿರ್ಧಾರ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಜನವರಿ ಮೊದಲ ವಾರದಲ್ಲಿ ಇನ್ನೊಂದು ತಿರುವು. ಟೀಚರ್ ಎರಡು ವಿಷಯಗಳನ್ನೂ ಬೇರೆ ಮಾಡಿದರು. ಪ್ರಿನ್ಸಿಪಾಲರ ಎದುರು ಕ್ಯಾಲೆಂಡರ್ ಇಟ್ಟು ತಾರೀಕುಗಳನ್ನು ಮಾತ್ರ ತೋರಿಸಿದರು. ಜನವರಿ 29 ದಾಟಿದರೆ ಅರ್ಜಿಗೆ ಸಮಯ ಇಲ್ಲ. ಅರ್ಜಿ ಹೋಗದಿದ್ದರೆ ಎಲ್ಲವನ್ನೂ ರದ್ದು ಮಾಡಿ, ವಿದೇಶದಿಂದ ಹೊಸ ವೀಸಾ ತರಬೇಕು. ಹೊಸ ಸೆಮಿಸ್ಟರ್‌ಗೆ ಶಾಲೆಗೆ ಟೀಚರೇ ಇರುವುದಿಲ್ಲ. ಪ್ರಿನ್ಸಿಪಾಲರಿಗೆ ಇದು ಗೊತ್ತೇ ಇರಲಿಲ್ಲ. ಸಂಬಳಕ್ಕೆ ಬೇರೆ ಒಂದು ಪುಟದ ಒಪ್ಪಂದ ಮಾಡೋಣ ಎಂದು ಟೀಚರ್ ಕೇಳಿದರು. ಒಂದೇ ಸಲ ಕೂತು ಮಾತು ಮುಗಿಯಿತು. ಈ ಚಳಿಗಾಲಕ್ಕೆ ಅರ್ಧ ಸಂಬಳ, ಮುಂದಿನ ಕಾಂಟ್ರಾಕ್ಟಿನ ಎರಡೂ ರಜೆಗೆ ಪೂರ್ತಿ. ಬದಲಿಗೆ ವಾರಕ್ಕೆ ಒಂದು ಸಂಜೆ ಮಕ್ಕಳ ಜೊತೆ ಇಂಗ್ಲಿಷ್ ಮಾತುಕತೆ ನಡೆಸಬೇಕು. ಚೀನೀ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬರೆದು, ಶಾಲೆಯ ಕೆಂಪು ಮೊಹರು ಹಾಕಿಸಿದರು. ಚೀನಾದಲ್ಲಿ ಸಹಿಗಿಂತ ಆ ಮೊಹರಿಗೆ ತೂಕ ಜಾಸ್ತಿ. ಜನವರಿ 7ರ ಸೋಮವಾರ ಎಲ್ಲ ಸಹಿ ಆಯಿತು. ಅದೇ ವಾರ ವರ್ಕ್ ಪರ್ಮಿಟ್ ಅರ್ಜಿ ಹೋಯಿತು. 21ಕ್ಕೆ ಮಂಜೂರಾಯಿತು.

ರಸೀದಿ

ಜನವರಿ 22ರ ಮಂಗಳವಾರ ಪಾಸ್‌ಪೋರ್ಟ್ ಕೊಟ್ಟು ರಸೀದಿ ತೆಗೆದುಕೊಂಡರು. ವಾಪಸ್ ಕೊಡುವ ದಿನ ಫೆಬ್ರವರಿ 11 ಎಂದು ಬರೆದಿತ್ತು.

15 ದಿನ ಎಂದರೆ ಫೆಬ್ರವರಿ 6. ಆದರೆ 4ರಿಂದ 10ರವರೆಗೆ ಹೊಸ ವರ್ಷದ ರಜೆ, ಕಚೇರಿ ಮುಚ್ಚಿರುತ್ತದೆ. ಹಾಗಾಗಿ 11ರ ಸೋಮವಾರ. ಮದುವೆ 10ರ ಭಾನುವಾರ.

ಆ ರಾತ್ರಿ ಫೋನಿನಲ್ಲಿ ನಾವು ದಾರಿಗಳನ್ನು ಒಂದೊಂದಾಗಿ ನೋಡಿದೆವು. ಅರ್ಜಿ ವಾಪಸ್ ಪಡೆದು ಪಾಸ್‌ಪೋರ್ಟ್ ತರಬಹುದು. ಮದುವೆ ಮುಗಿಸಿ ಬಂದು ಮತ್ತೆ ಹಾಕಿದರೆ 30 ದಿನದ ನಿಯಮ ತಪ್ಪಿರುತ್ತದೆ. ಕಚೇರಿ ತೆಗೆದುಕೊಳ್ಳಲೂಬಹುದು, ಇಲ್ಲ ಎನ್ನಲೂಬಹುದು. ಇಲ್ಲ ಎಂದರೆ ಕೆಲಸ ಹೋಯಿತು. ಕೆನಡಾ-ಚೀನಾ ಸಂಬಂಧ ಹದಗೆಟ್ಟಿದ್ದ ಆ ತಿಂಗಳಲ್ಲಿ ಹೊಸ ವೀಸಾದ ಮೇಲೆ ಭರವಸೆ ಇಡುವುದು ಕಷ್ಟವಿತ್ತು. ಏಜೆಂಟರೊಬ್ಬರು ಹಣ ಕೊಟ್ಟರೆ ಎರಡೇ ದಿನದಲ್ಲಿ ಮಾಡಿಸುತ್ತೇನೆ ಎಂದಿದ್ದರು. ಅದನ್ನು ಚರ್ಚಿಸಲೂ ಇಲ್ಲ. ಉಳಿದದ್ದು ಒಂದೇ: ಕಚೇರಿಗೆ ಹೋಗಿ, ಕಾರಣ ತೋರಿಸಿ, ಬೇಗ ಕೊಡಿ ಎಂದು ಕೇಳುವುದು.

ಕೇಳುವುದಕ್ಕೂ ಕಾಗದ ಬೇಕು. ಮೈಸೂರಿನಿಂದ ಲಗ್ನಪತ್ರಿಕೆಯ ಫೋಟೋ ತರಿಸಿದರು. ಇಂಗ್ಲಿಷ್ ವಿಭಾಗದ ಸಹೋದ್ಯೋಗಿ ಅದನ್ನು ಚೀನೀ ಭಾಷೆಗೆ ತಂದರು. ವರನ ಅಕ್ಕ ಎಂದು ಪತ್ರಿಕೆಯಲ್ಲಿ ಹೆಸರಿರುವ ಸಾಲಿಗೆ ಗುರುತು ಹಾಕಿದರು. ವಿಮಾನದ ಟಿಕೆಟ್, ಶಾಲೆಯ ಪತ್ರ, ಎಲ್ಲದರ ಮೇಲೂ ಮೊಹರು. 24ರ ಗುರುವಾರ, ನವೆಂಬರ್‌ನಿಂದ ಏನೂ ತೊಂದರೆ ಇಲ್ಲ ಎನ್ನುತ್ತಿದ್ದ ಅದೇ ಮೇಡಂ ತಮ್ಮ ಕ್ಲಾಸ್ ಬೇರೆಯವರಿಗೆ ಒಪ್ಪಿಸಿ ಟೀಚರ ಜೊತೆ ಕಚೇರಿಗೆ ಬಂದರು. ಕೌಂಟರಿನ ಅಧಿಕಾರಿ ಓದಿ, ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದರು. ಭರವಸೆ ಕೊಡಲು ಆಗುವುದಿಲ್ಲ, ರಜೆಗೆ ಮುಂಚೆ ಆದರೆ ಫೋನ್ ಮಾಡುತ್ತೇವೆ ಎಂದರು.

ಆ ವಾರ ಟೀಚರ್ ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿತು. ಅಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಶನಿವಾರ ಸಂಜೆಯೊಳಗೆ ಪಾಸ್‌ಪೋರ್ಟ್ ಸಿಗದಿದ್ದರೆ ಧಾರೆಗೆ ಬರಲು ಆಗುವುದಿಲ್ಲ, ಬೀಗರ ಔತಣಕ್ಕೆ ಬರುತ್ತೇನೆ ಎಂದರು. ಅಮ್ಮ ಅತ್ತರು, ಬೈದರು. ಆದರೆ ಕೊನೆಯ ದಿನ ಮದುವೆ ಮನೆಯಲ್ಲಿ ಗೊಂದಲ ಆಗುವುದು ತಪ್ಪಿತು.

ರೈಲಿನ ಚಿಂತೆಯೂ ಇತ್ತು. ಹೊಸ ವರ್ಷದ ಆಸುಪಾಸಿನ 40 ದಿನದ ಓಡಾಟವನ್ನು ಛುನ್‌ಯುನ್ ಎನ್ನುತ್ತಾರೆ. ಆ ವರ್ಷ ಅದು ಜನವರಿ 21ರಿಂದ ಮಾರ್ಚ್ 1ರವರೆಗೆ. ಟಿಕೆಟ್ ಸಿಗುವುದಿಲ್ಲ ಎಂದು ಎಲ್ಲರೂ ಹೆದರಿಸಿದ್ದರು. ಆದರೆ ಜನ ಯಾವ ಕಡೆ ಹೋಗುತ್ತಾರೆ ಎಂಬುದನ್ನು ನೋಡಬೇಕು. ಹಬ್ಬಕ್ಕೆ ಮುಂಚೆ ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದ ಕಾರ್ಖಾನೆಗಳಿಂದ ಹುನಾನ್‌ನ ಹಳ್ಳಿಗಳಿಗೆ ಜನಸಾಗರ ಬರುತ್ತದೆ. ಟೀಚರ್ ಹೋಗಬೇಕಾದದ್ದು ಅದಕ್ಕೆ ಎದುರು ದಿಕ್ಕಿಗೆ, ಹಾಂಗ್‌ಕಾಂಗ್ ಕಡೆಗೆ. ವಾಪಸ್ ಬರುವಾಗ ಜನ ಗುವಾಂಗ್‌ಡಾಂಗ್ ಕಡೆ ಹೊರಟಿರುತ್ತಾರೆ, ಆಗಲೂ ಇವರದ್ದು ಎದುರು ದಿಕ್ಕು. 2018ರ ಸೆಪ್ಟೆಂಬರ್ 23ರಿಂದ ಹುನಾನ್ ರಾಜಧಾನಿ ಛಾಂಗ್‌ಶಾದಿಂದ ಹಾಂಗ್‌ಕಾಂಗ್‌ನ ವೆಸ್ಟ್ ಕೌಲೂನ್‌ಗೆ ನೇರ ಹೈಸ್ಪೀಡ್ ರೈಲು ಬಂದಿತ್ತು, ಮೂರು ಗಂಟೆಗೆ ಸ್ವಲ್ಪ ಜಾಸ್ತಿ ಅಷ್ಟೇ. 12306 ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ಫೆಬ್ರವರಿ 3ರ ಟಿಕೆಟ್ ಕಾದಿರಿಸಿದರು. ಆಗ ವಿದೇಶಿಯರು ಪಾಸ್‌ಪೋರ್ಟ್ ತೋರಿಸಿ ಕೌಂಟರಿನಲ್ಲಿ ಕಾಗದದ ಟಿಕೆಟ್ ಪಡೆಯಬೇಕಿತ್ತು. ಅದಕ್ಕೂ ಪಾಸ್‌ಪೋರ್ಟೇ ಬರಬೇಕು.

ಫೆಬ್ರವರಿ 1, ಶುಕ್ರವಾರ. ಫೋನ್ ಬರಲಿಲ್ಲ.

ಬೇರೆ ದೇಶವಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಏಳು ದಿನದ ರಜೆಗಾಗಿ ಸರ್ಕಾರ ಫೆಬ್ರವರಿ 2ರ ಶನಿವಾರ ಮತ್ತು 3ರ ಭಾನುವಾರವನ್ನು ಕೆಲಸದ ದಿನ ಮಾಡಿತ್ತು. ವರ್ಷವಿಡೀ ಟೀಚರ್ ಬೇಸರಪಟ್ಟುಕೊಂಡಿದ್ದ ಅದೇ ಪದ್ಧತಿಯಿಂದ ಆ ಶನಿವಾರ ಕಚೇರಿ ತೆರೆದಿತ್ತು. ಬೆಳಿಗ್ಗೆ ಹೋಗಿ ಕೂತರು. ಮಧ್ಯಾಹ್ನದ ಊಟದ ಬಿಡುವಿನ ನಂತರ ಹೆಸರು ಕರೆದರು. ಹೊಸ ಪರ್ಮಿಟ್ ಅಂಟಿಸಿದ ಪಾಸ್‌ಪೋರ್ಟ್ ಸಿಕ್ಕಿತು. ಅಲ್ಲಿಂದ ನೇರ ರೈಲು ನಿಲ್ದಾಣದ ಕೌಂಟರಿಗೆ. 3ನೇ ತಾರೀಕು ಹಾಂಗ್‌ಕಾಂಗ್ ತಲುಪಿ, ರಾತ್ರಿಯ ವಿಮಾನದಲ್ಲಿ ಬೆಂಗಳೂರಿಗೆ ಹೊರಟರು. ಚಪ್ಪರ ಹಾಕುವ ದಿನದ ಹೊತ್ತಿಗೆ ಮೈಸೂರಿನ ಮನೆಯಲ್ಲಿದ್ದರು.

ಇದರಿಂದ ಕಲಿಯುವುದು

ಅದೃಷ್ಟದ ಪಾಲು ಇಲ್ಲಿ ಇದೆ. ಕೌಂಟರಿನ ಅಧಿಕಾರಿ ಒಳ್ಳೆಯವರು. ಬೇರೆ ಊರಿನ ಕಚೇರಿ ಆಗುವುದಿಲ್ಲ ಎನ್ನಬಹುದಿತ್ತು, ಅದು ಅವರ ಹಕ್ಕು. ಹಾಗಾಗಿ ಲಗ್ನಪತ್ರಿಕೆ ತೋರಿಸಿದರೆ ಕೆಲಸ ಆಗುತ್ತದೆ ಎಂದು ಯಾರೂ ತಿಳಿಯಬಾರದು. ಈ ಪ್ರಕರಣದಲ್ಲಿ ಬೇರೆಯವರೂ ಮಾಡಬಹುದಾದದ್ದು ಅದಕ್ಕಿಂತ ಮೊದಲು ನಡೆದಿದೆ.

ಒಂದು, ತಾರೀಕು. ವರ್ಕ್ ಪರ್ಮಿಟ್ ಮುಂದುವರಿಸುವ ಅರ್ಜಿಯನ್ನು ಅವಧಿ ಮುಗಿಯುವ 90 ದಿನ ಮುಂಚೆಯಿಂದಲೇ ಹಾಕಬಹುದು. 30 ದಿನ ಎಂಬುದು ಕೊನೆಯ ಗಡುವು. ಪರ್ಮಿಟ್ ಫೆಬ್ರವರಿಯಲ್ಲಿ ಮುಗಿಯುವವರು ಡಿಸೆಂಬರ್‌ನಲ್ಲೇ ಶಾಲೆಯನ್ನು ಕೂರಿಸಿ ಮಾತಾಡಬೇಕು. ಇನ್ನೂ ಒಳ್ಳೆಯದು, ಮೊದಲ ಕಾಂಟ್ರಾಕ್ಟ್ ಮಾಡುವಾಗಲೇ ಅದು ಜುಲೈ ಅಥವಾ ಆಗಸ್ಟ್‌ನಲ್ಲಿ ಮುಗಿಯುವ ಹಾಗೆ ಕೇಳುವುದು. ಬೇಸಿಗೆಯಲ್ಲಿ ಕಚೇರಿಗಳು ತೆರೆದಿರುತ್ತವೆ, ಒಂದು ವಾರ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ.

ಮತ್ತೊಂದು, ರಜೆಯ ಸಂಬಳ. ಸಂದರ್ಶನದಲ್ಲೇ ಕೇಳಬೇಕು, ವರ್ಷಕ್ಕೆ ಎಷ್ಟು ತಿಂಗಳ ಸಂಬಳ ಎಂದು. ಹನ್ನೆರಡು ಎಂದರೆ ಅದನ್ನು ಕಾಂಟ್ರಾಕ್ಟಿನಲ್ಲಿ ಬರೆಸಬೇಕು, ಎರಡು ಉದ್ದ ರಜೆಗಳ ಹೆಸರು ಹೇಳಿ ಬರೆಸಬೇಕು. ಎರಡು ಭಾಷೆಯ ಕಾಂಟ್ರಾಕ್ಟ್ ಇದ್ದರೆ ಸಾಮಾನ್ಯವಾಗಿ ಚೀನೀ ಪ್ರತಿಯೇ ಅಂತಿಮ ಎಂದಿರುತ್ತದೆ. ಅದನ್ನು ಓದಬಲ್ಲ, ಶಾಲೆಗೆ ಸಂಬಂಧ ಇಲ್ಲದ ಒಬ್ಬರಿಗೆ ತೋರಿಸಿ. ಒಂದು ಹೊತ್ತಿನ ಊಟ ಕೊಡಿಸಿದರೆ ಸಂತೋಷದಿಂದ ಓದಿ ಹೇಳುವವರು ಎಲ್ಲ ಊರಲ್ಲೂ ಸಿಗುತ್ತಾರೆ.

ಶಾಲೆಯ ಜೊತೆ ಜಗಳ ಇದ್ದರೂ ಪರ್ಮಿಟ್ಟನ್ನು ಆ ಜಗಳದೊಳಗೆ ತರಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ. ಸಹಿ ಹಾಕದೆ ಕೂತರೆ ಶಾಲೆಗೆ ಒತ್ತಡ ಆಗುತ್ತದೆ ಎಂದು ವಿದೇಶಿ ಟೀಚರುಗಳು ಅಂದುಕೊಳ್ಳುತ್ತಾರೆ. ಆದರೆ ಗಡಿಯಾರ ಓಡುವುದು ಟೀಚರ ವಿರುದ್ಧ. ಶಾಲೆಗೆ ಒಂದು ಸೆಮಿಸ್ಟರ್ ಇಂಗ್ಲಿಷ್ ಮಾತುಕತೆ ಇಲ್ಲದಿದ್ದರೂ ನಡೆಯುತ್ತದೆ. ಟೀಚರಿಗೆ ಪರ್ಮಿಟ್ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ.

ಟಿಕೆಟ್ ವಿಷಯದಲ್ಲಿ, ದಿನ ಬದಲಿಸಬಹುದಾದ ಟಿಕೆಟ್ಟಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಸರ್ಕಾರದ ಕ್ಯಾಲೆಂಡರೇ ಬದಲಾದದ್ದುಂಟು. ಅದೇ 2019ರಲ್ಲಿ ಮೇ 1ಕ್ಕೆ ಒಂದೇ ದಿನ ರಜೆ ಎಂದು ಮೊದಲು ಹೇಳಿದ್ದರು. ಮಾರ್ಚ್ 22ರಂದು ಅದನ್ನು ಮೇ 4ರವರೆಗೆ ಹಿಗ್ಗಿಸಿ, ಏಪ್ರಿಲ್ 28 ಮತ್ತು ಮೇ 5, ಎರಡೂ ಭಾನುವಾರ, ಕೆಲಸದ ದಿನ ಎಂದು ಘೋಷಿಸಿದರು.

ಮುಂದಿನ ಚಳಿಗಾಲ

ಕಲಿತದ್ದನ್ನು ಟೀಚರ್ ಮರುವರ್ಷವೇ ಬಳಸಿದರು. 2020ರ ಹೊಸ ವರ್ಷ ಜನವರಿ 25ಕ್ಕೆ ಬರುತ್ತದೆ ಎಂದು ನೋಡಿ, 2019ರ ಡಿಸೆಂಬರ್ ಆರಂಭದಲ್ಲೇ ಅರ್ಜಿ ಹಾಕಿಸಿದರು. ಜನವರಿ ಮೊದಲ ವಾರ ಹೊಸ ಪರ್ಮಿಟ್ ಕೈಯಲ್ಲಿತ್ತು. ಸಂಬಳದ ಒಪ್ಪಂದವೂ ಇತ್ತು. ನಿಶ್ಚಿಂತೆಯಿಂದ ಮೈಸೂರಿಗೆ ಬಂದರು.

ಜನವರಿ 23ರಂದು ವುಹಾನ್ ನಗರ ಮುಚ್ಚಿತು. ಹುನಾನ್ ಅದರ ಪಕ್ಕದ ಪ್ರಾಂತ್ಯ. ಶಾಲೆಗಳು ಆನ್‌ಲೈನ್ ಆದವು. ಅಲ್ಲಿಯ 8 ಗಂಟೆ ಎಂದರೆ ನಮ್ಮ ಬೆಳಗಿನ 5:30. ಮೈಸೂರಿನ ಮನೆಯ ಹಾಲ್‌ನಲ್ಲಿ ಕತ್ತಲಿರುವಾಗಲೇ ಅವರು ಹುನಾನ್ ಮಕ್ಕಳಿಗೆ ಪಾಠ ಶುರು ಮಾಡುತ್ತಿದ್ದರು. ಚಳಿಗಾಲದ ರಜೆಯ ಸಂಬಳ ಪೂರ್ತಿ ಬಂತು, ಆ ಒಂದು ಪುಟದ ಒಪ್ಪಂದದಿಂದ. ಮಾರ್ಚ್ 28ರಿಂದ ಚೀನಾ ವಾಸದ ಪರ್ಮಿಟ್ ಇದ್ದ ವಿದೇಶಿಯರ ಪ್ರವೇಶವನ್ನೂ ನಿಲ್ಲಿಸಿತು. ಆನ್‌ಲೈನ್ ಪಾಠದ ಬಗ್ಗೆ ಕಾಂಟ್ರಾಕ್ಟಿನಲ್ಲಿ ಏನೂ ಇರಲಿಲ್ಲ. ಸೆಮಿಸ್ಟರ್ ಕೊನೆಯವರೆಗೆ ಶಾಲೆ ಸಂಬಳದ ಒಂದು ಭಾಗ ಕೊಟ್ಟಿತು. ಅವರು ಮತ್ತೆ ಅಲ್ಲಿಗೆ ಹೋಗಲಿಲ್ಲ. ಈಗ ಕೆನಡಾದಲ್ಲಿ ಕಲಿಸುತ್ತಿದ್ದಾರೆ.

ಆಮೇಲೆ ಅಲ್ಲಿ ಕೆಲವು ವಿಷಯ ಬದಲಾಗಿವೆ. 2021ರ ಜುಲೈನಲ್ಲಿ ಶಾಲಾ ಪಾಠಗಳ ಖಾಸಗಿ ಟ್ಯೂಷನ್ ಮೇಲೆ ಸರ್ಕಾರ ಕಟ್ಟುನಿಟ್ಟಿನ ನಿಯಮ ತಂದಿತು. ವಾರಾಂತ್ಯ ಮತ್ತು ರಜೆಯಲ್ಲಿ ಅಂಥ ಪಾಠ ಮಾಡುವಂತಿಲ್ಲ ಎಂದಿತು. ದುಪ್ಪಟ್ಟು ಸಂಬಳ ಕೊಡುತ್ತೇನೆ ಎಂದಿದ್ದಂಥ ಸೆಂಟರ್‌ಗಳು ಬಹಳಷ್ಟು ಬಾಗಿಲು ಹಾಕಿದವು. ದಾಖಲೆ ದೃಢೀಕರಣ ಸರಳಗೊಳಿಸುವ ಅಪೊಸ್ಟಿಲ್ ಒಪ್ಪಂದ 2023ರ ನವೆಂಬರ್ 7ರಿಂದ ಚೀನಾದಲ್ಲಿ ಜಾರಿಗೆ ಬಂದದ್ದರಿಂದ, ಆ ಒಪ್ಪಂದದಲ್ಲಿರುವ ಹೆಚ್ಚಿನ ದೇಶಗಳ ಡಿಗ್ರಿ ಕಾಗದ ದೃಢೀಕರಿಸುವುದು ಮೊದಲಿಗಿಂತ ಸುಲಭ. ರೈಲಿಗೆ ಕಾಗದದ ಟಿಕೆಟ್ ಬೇಕಿಲ್ಲ. 2025ರಿಂದ ಸರ್ಕಾರಿ ರಜೆ 11ರಿಂದ 13 ದಿನಕ್ಕೆ ಏರಿದೆ. ಚೀನೀ ಹೊಸ ವರ್ಷದ ಹಿಂದಿನ ದಿನ ಮತ್ತು ಮೇ 2 ಸೇರಿವೆ. ಮುಂದಿನ ವರ್ಷದ ರಜೆಯ ಪಟ್ಟಿ ಸಾಮಾನ್ಯವಾಗಿ ವರ್ಷದ ಕೊನೆಯಲ್ಲಿ ಹೊರಬೀಳುತ್ತದೆ. ಆ ಪಟ್ಟಿ ಬಂದ ದಿನವೇ ಅದನ್ನೂ ನಿಮ್ಮ ಪರ್ಮಿಟ್ ಮುಗಿಯುವ ತಾರೀಕನ್ನೂ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಊರಿಗೆ ಟಿಕೆಟ್ ಮಾಡಿ.